ನಿಮಗಿದು ಗೊತ್ತೆ? ಎದೆನೋವಿಗೆಂದು ಹುಟ್ಟಿದ ನೀಲಿ ಮಾತ್ರೆ

ನಿಮಿರು ದೌರ್ಬಲ್ಯದ ಮದ್ದೆಂದು ಜಗತ್ತಿಗೆಲ್ಲ ಗೊತ್ತಿರುವ ವಯಾಗ್ರ ಮೊದಲು ತಯಾರಾದದ್ದು ಹೃದಯಕ್ಕಾಗಿ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿ ಫೈಜರ್ ಕಂಪನಿಯ ವಿಜ್ಞಾನಿಗಳು ಅದರ ಮೂಲ ಔಷಧವಾದ ಸಿಲ್ಡೆನಾಫಿಲ್ ಸಿದ್ಧಪಡಿಸಿದ್ದರು. 1990ರ ದಶಕದ ಆರಂಭದ ಪ್ರಯೋಗಗಳಲ್ಲಿ ಎದೆನೋವಿಗೆ ಅದು ಹೇಳಿಕೊಳ್ಳುವಂಥ ಗುಣವನ್ನೇನೂ ತೋರಲಿಲ್ಲ. ಆದರೆ ಮಾತ್ರೆ ನುಂಗಿದ ಗಂಡಸರು ಬೇರೊಂದು ‘ಅಡ್ಡಪರಿಣಾಮ’ ಹೇಳತೊಡಗಿದರು! ಕಂಪನಿ ದಾರಿ ಬದಲಿಸಿತು. 1998ರ ಮಾರ್ಚ್ 27ರಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಹಲವರು ತಿಳಿದಂತೆ ಈ ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಕಾಮೋದ್ರೇಕವಾದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದರಿಂದ ಉಂಟಾಗುವ ಸಿಜಿಎಂಪಿ ಎಂಬ ರಾಸಾಯನಿಕ ರಕ್ತನಾಳಗಳನ್ನು ಸಡಿಲಿಸುತ್ತದೆ. ಈ ಸಿಜಿಎಂಪಿಯನ್ನು ಒಡೆದುಹಾಕುವ ಪಿಡಿಇ-5 ಕಿಣ್ವವನ್ನು ತಡೆಯುವುದಷ್ಟೇ ಮಾತ್ರೆಯ ಕೆಲಸ. ಕಣ್ಣಿನ ಅಕ್ಷಿಪಟಲದಲ್ಲಿರುವ ಅದೇ ಜಾತಿಯ ಇನ್ನೊಂದು ಕಿಣ್ವಕ್ಕೂ ತುಸು ಬಿಸಿ ತಟ್ಟುವುದರಿಂದ ಕೆಲವರಿಗೆ ಸ್ವಲ್ಪ ಹೊತ್ತು ಎಲ್ಲವೂ ನೀಲಿ ಛಾಯೆಯಲ್ಲಿ ಕಾಣುವುದುಂಟು. ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ನಂತರ ಬಂದ ಇದೇ ಬಗೆಯ ಟಡಾಲಾಫಿಲ್‌ನದು 36 ಗಂಟೆಯವರೆಗೂ ಉಳಿಯಬಲ್ಲದು.

ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದ ಹೆಂಗಸರಿಗೂ ವೈದ್ಯರು ಸಿಲ್ಡೆನಾಫಿಲ್ ಬರೆದುಕೊಡುತ್ತಾರೆ. ಚೀಟಿ ನೋಡಿ ನಗಬೇಕಿಲ್ಲ.

ಎದೆನೋವಿಗೆಂದು ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಯ ಜತೆ ಇದು ಸೇರಿದರೆ ರಕ್ತದೊತ್ತಡ ದಿಢೀರ್ ಕುಸಿದು ಪ್ರಾಣಕ್ಕೇ ಕುತ್ತು. ನಿಮಿರು ದೌರ್ಬಲ್ಯವೇ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ಹಾಗಾಗಿ ನಾಚಿಕೆ ಬಿಟ್ಟು ಮೊದಲು ವೈದ್ಯರನ್ನು ಕಾಣಿ. ಮೆಡಿಕಲ್ ಶಾಪ್‌ಗೆ ಆಮೇಲೆ ಹೋಗಿ.