ಪ್ರವೇಶದ್ವಾರದ ಕಾಲೊರಸು: ಸ್ವಚ್ಛತೆಗೂ ಸುರಕ್ಷತೆಗೂ ಮೊದಲ ಕಾವಲು

ಮಳೆಗಾಲ ಆರಂಭವಾಗುತ್ತಿದ್ದಂತೆಯೇ ಅಂಗಡಿ, ಕಚೇರಿಗಳ ಬಾಗಿಲಲ್ಲಿ ಗೋಣಿಚೀಲಗಳು ಕಾಣಿಸಿಕೊಳ್ಳುತ್ತವೆ. ಬೆಳಿಗ್ಗೆ ಹಾಸಿದ ಚೀಲವು ಮಧ್ಯಾಹ್ನದೊಳಗೆ ನೀರು ಕುಡಿದು ತೊಪ್ಪೆಯಾಗಿರುತ್ತದೆ. ಅದರ ಮೇಲೆ ಕಾಲಿಟ್ಟ ಗ್ರಾಹಕನ ಪಾದರಕ್ಷೆ ಒಣಗುವ ಬದಲು ಮತ್ತಷ್ಟು ಒದ್ದೆಯಾಗುತ್ತದೆ. ನುಣುಪಾದ ಗ್ರಾನೈಟಿನ ಮೇಲೆ ಕೆಲವೊಮ್ಮೆ ಚೀಲವೇ ಜಾರುತ್ತದೆ. ನೆಲಹಾಸು, ಗಾಜು, ದೀಪಾಲಂಕಾರಗಳಿಗೆ ಧಾರಾಳವಾಗಿ ವೆಚ್ಚ ಮಾಡುವ ಸಂಸ್ಥೆಗಳು ಸಹ ಬಾಗಿಲ ಬಳಿಯ ಎರಡು ಮೂರು ಮೀಟರ್ ಜಾಗದ ಬಗ್ಗೆ ಯೋಚಿಸುವುದು ಅಪರೂಪ. ಕಟ್ಟಡದ ಒಳಗಿನ ಧೂಳು, ಕೆಸರು ಮತ್ತು ನೀರಿನ ಬಹುಭಾಗ ಕಾಲಿನ ಮೂಲಕವೇ ಬರುವುದರಿಂದ, ಅದನ್ನು ಬಾಗಿಲಲ್ಲೇ ತಡೆಯುವುದು ಒಳಗೆ ಗುಡಿಸಿ ಒರೆಸುವುದಕ್ಕಿಂತ ಸುಲಭವೂ ಮಿತವ್ಯಯಕಾರಿಯೂ ಆಗಿದೆ.

ಧೂಳಿನಿಂದ ನೆಲದ ಸವೆತ

ಬೀದಿಯ ಧೂಳಿನಲ್ಲಿರುವ ಮರಳಿನ ಮುಖ್ಯ ಅಂಶ ಸ್ಫಟಿಕ ಶಿಲೆ. ಖನಿಜಗಳ ಗಡಸುತನವನ್ನು ಅಳೆಯುವ 1 ರಿಂದ 10 ರವರೆಗಿನ ಮೋಸ್ ಮಾಪನದಲ್ಲಿ ಇದರ ಸ್ಥಾನ 7. ಅಮೃತಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ನ ಸ್ಥಾನ ಕೇವಲ 3. ಆದುದರಿಂದ ಅಮೃತಶಿಲೆಯ ಅಥವಾ ಮೊಸಾಯಿಕ್ ನೆಲದ ಮೇಲೆ ಮರಳು ಮೆತ್ತಿದ ಕಾಲುಗಳು ಓಡಾಡುವುದೆಂದರೆ ಆ ನೆಲವನ್ನು ದಿನವೂ ಉಜ್ಜುಕಾಗದದಿಂದ ತಿಕ್ಕಿದಂತೆಯೇ ಸರಿ. ಗ್ರಾನೈಟ್ ಇದಕ್ಕಿಂತ ಗಡುಸಾದರೂ ಹೆಚ್ಚು ಓಡಾಟವಿರುವ ದಾರಿಯಲ್ಲಿ ಅದರ ಹೊಳಪೂ ಕ್ರಮೇಣ ಮಂಕಾಗುತ್ತದೆ.

ಹುಬ್ಬಳ್ಳಿ, ಗದಗ, ವಿಜಯಪುರ ಭಾಗದ ಎರೆಮಣ್ಣಿನ ಸಮಸ್ಯೆ ಬೇರೆಯದು. ಒದ್ದೆಯಾದಾಗ ಈ ಜೇಡಿಮಣ್ಣು ಪಾದರಕ್ಷೆಯ ಅಡಿಗೆ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ನುಣ್ಣನೆಯ ಪುಡಿಯಾಗಿ ಸರಕಿನ ಮೇಲೆ ಕೂರುತ್ತದೆ. ಬಟ್ಟೆ, ಕಾಗದ, ಆಹಾರ ಪದಾರ್ಥಗಳ ವ್ಯಾಪಾರಿಗಳಿಗೆ ಇದರಿಂದ ನೇರ ನಷ್ಟವುಂಟಾಗುತ್ತದೆ.

ಜಾರುವ ನೆಲ ಮತ್ತು ಮಾಲೀಕರ ಹೊಣೆ

ಪಾಲಿಶ್ ಮಾಡಿದ ಗ್ರಾನೈಟ್ ಹಾಗೂ ವಿಟ್ರಿಫೈಡ್ ಟೈಲ್‌ಗಳ ಮೇಲೆ ನೀರಿನ ತೆಳು ಪದರ ನಿಂತರೆ ಪಾದರಕ್ಷೆಗೂ ನೆಲಕ್ಕೂ ನಡುವಿನ ಹಿಡಿತ ತಪ್ಪುತ್ತದೆ. ಮೊದಲ ಅಪಾಯ ವೃದ್ಧರಿಗೆ ಹಾಗೂ ಕೈಯಲ್ಲಿ ಹೊರೆ ಹಿಡಿದು ಬರುವ ಕೆಲಸಗಾರರಿಗೆ. ವಯಸ್ಸಾದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗಬಹುದು.

ನೆಲ, ಮೆಟ್ಟಿಲು ಹಾಗೂ ಓಡಾಡುವ ದಾರಿಗಳಲ್ಲಿ ಜಾರುವಂತಹ ವಸ್ತುಗಳು ಇರಬಾರದೆಂದು 1948 ರ ಕಾರ್ಖಾನೆಗಳ ಅಧಿನಿಯಮದ 32 ನೇ ಪ್ರಕರಣ ವಿಧಿಸಿತ್ತು. ಆ ಅಧಿನಿಯಮದ ಸ್ಥಾನದಲ್ಲಿ ಬಂದಿರುವ 2020 ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025 ರ ನವೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಕೆಲಸದ ಸ್ಥಳವನ್ನು ಅಪಾಯರಹಿತವಾಗಿ ಇಡುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸಿದೆ. ಕಾನೂನಿನ ಮಾತು ಹಾಗಿರಲಿ, ಅಂಗಡಿಯ ಬಾಗಿಲಲ್ಲಿ ಜಾರಿ ಬಿದ್ದ ಗ್ರಾಹಕ ಮತ್ತೆ ಆ ಅಂಗಡಿಗೆ ಬರುವುದು ಸಂದೇಹ.

ಕೆರೆಯುವುದು, ಹೀರುವುದು, ಒಣಗಿಸುವುದು

ಒಂದೇ ಕಾಲೊರಸು ಎಲ್ಲ ಕೆಲಸವನ್ನೂ ಮಾಡಲಾರದು. ಉತ್ತಮ ವ್ಯವಸ್ಥೆಯಲ್ಲಿ ಮೂರು ಹಂತಗಳಿರುತ್ತವೆ.

ಮೊದಲನೆಯದು ಬಾಗಿಲ ಹೊರಗೆ. ಇಲ್ಲಿ ಗಟ್ಟಿ ಕೆಸರನ್ನು ಕೆರೆದು ತೆಗೆಯುವ, ನೀರು ಕೆಳಗೆ ಇಳಿದುಹೋಗುವಂತೆ ತೂತುಗಳಿರುವ ದಪ್ಪ ರಬ್ಬರ್ ಹಾಸು ಅಥವಾ ಲೋಹದ ಜಾಲರಿ ಇರಬೇಕು. ಎರಡನೆಯದು ಬಾಗಿಲಿನ ಒಳಮಗ್ಗುಲಲ್ಲಿ. ಒರಟು ಎಳೆಗಳ ನಡುವೆ ಮರಳನ್ನು ಹಿಡಿದಿಟ್ಟು, ಸ್ವಲ್ಪ ತೇವವನ್ನೂ ಹೀರುವ ಹಾಸು ಇಲ್ಲಿಗೆ ಸೂಕ್ತ. ಮೂರನೆಯದು ಅದಕ್ಕೆ ಹೊಂದಿಕೊಂಡಂತೆ ಒಳಗಡೆ ಇರುವ, ಉಳಿದ ತೇವವನ್ನು ಹೀರುವ ಮೃದುವಾದ ಹಾಸು.

ಇವುಗಳಲ್ಲಿ ಉದ್ದ ಬಹಳ ಮುಖ್ಯ. ಸಾಮಾನ್ಯ ನಡಿಗೆಯಲ್ಲಿ ಒಂದು ಹೆಜ್ಜೆ ಸುಮಾರು 60 ರಿಂದ 75 ಸೆಂ.ಮೀ. ಎಂದಿಟ್ಟುಕೊಂಡರೆ, ಎರಡೂ ಪಾದಗಳು ತಲಾ ಎರಡು ಬಾರಿ ಹಾಸಿನ ಮೇಲೆ ಬೀಳಲು ಎರಡೂವರೆಯಿಂದ ಮೂರು ಮೀಟರ್ ಬೇಕಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಎರಡು ಅಡಿಯ ಕಾಲೊರಸನ್ನು ಅವಸರದಲ್ಲಿರುವ ಗ್ರಾಹಕ ಒಂದೇ ಹೆಜ್ಜೆಯಲ್ಲಿ ದಾಟಿಬಿಡುತ್ತಾನೆ. ಜಾಗ ಕಿರಿದಾಗಿದ್ದರೆ ಹೊರಗೊಂದು, ಒಳಗೊಂದು ಹಾಸನ್ನು ನಡೆಯುವ ದಿಕ್ಕಿಗೆ ಉದ್ದವಾಗಿ ಹಾಸುವುದು ಒಳ್ಳೆಯದು. ಅಗಲವು ಬಾಗಿಲಿಗಿಂತ ಕಡಿಮೆಯಾಗಬಾರದು; ಕಡಿಮೆಯಾದರೆ ಜನ ಪಕ್ಕದಿಂದ ಹೋಗುತ್ತಾರೆ.

ಯಾವ ವಸ್ತು ಎಲ್ಲಿಗೆ?

ತೆಂಗಿನ ನಾರು ಬಿರುಸಾಗಿದ್ದು ಮಣ್ಣನ್ನು ಚೆನ್ನಾಗಿ ಕೆರೆಯುತ್ತದೆ. ತುಮಕೂರು, ಹಾಸನ ಜಿಲ್ಲೆಗಳ ತೆಂಗಿನ ಸೀಮೆಯಲ್ಲಿ ನಾರಿನ ಘಟಕಗಳಿರುವುದರಿಂದ ಇದು ನಮ್ಮ ರಾಜ್ಯದ್ದೇ ಉತ್ಪನ್ನವೂ ಹೌದು. ಆದರೆ ನೇರವಾಗಿ ಮಳೆ ಬೀಳುವಲ್ಲಿ ಇದನ್ನು ಹಾಕಬಾರದು. ಸದಾ ನೆನೆದಿದ್ದರೆ ಬೂಷ್ಟು ಹಿಡಿಯುತ್ತದೆ. ಸೂರಿನ ಅಡಿ, ಬಾಗಿಲ ಒಳಮಗ್ಗುಲು ಇದಕ್ಕೆ ತಕ್ಕ ಸ್ಥಳ.

ಪಾಲಿಪ್ರೊಪಿಲೀನ್ ಹಾಸುಗಳು ಅಗ್ಗ, ಬೇಗ ಒಣಗುತ್ತವೆ. ಆದರೆ ಅದರ ಎಳೆ ನೀರನ್ನು ಹೀರುವುದಿಲ್ಲ ಮತ್ತು ತುಳಿತಕ್ಕೆ ಬೇಗ ಮಲಗಿಬಿಡುತ್ತದೆ. ನೈಲಾನ್‌ಗೆ ಬೆಲೆ ಹೆಚ್ಚಾದರೂ ತುಳಿದ ಎಳೆ ಮತ್ತೆ ಎದ್ದು ನಿಲ್ಲುವುದರಿಂದ ಓಡಾಟ ಹೆಚ್ಚಿರುವಲ್ಲಿ ಅದೇ ಬಾಳಿಕೆ ಬರುತ್ತದೆ.

ಯಂತ್ರಾಗಾರಗಳಲ್ಲಿ ತೊಂದರೆ ಒಳಗಿನಿಂದಲೇ ಹುಟ್ಟುತ್ತದೆ. ಎಣ್ಣೆ, ಕೂಲೆಂಟ್ ಹಾಗೂ ಲೋಹದ ಚೂರುಗಳು ಕೆಲಸಗಾರರ ಕಾಲಿಗಂಟಿ ಕಚೇರಿ, ಉಗ್ರಾಣಗಳಿಗೆ ಸಾಗುತ್ತವೆ. ಅಂತಹ ಬಾಗಿಲುಗಳಿಗೆ ನೈಟ್ರೈಲ್ ರಬ್ಬರಿನ ಹಾಸನ್ನೇ ಆರಿಸಬೇಕು. ಸಾಮಾನ್ಯ ರಬ್ಬರ್ ಖನಿಜ ತೈಲ ತಗುಲಿದರೆ ಉಬ್ಬಿ ಕೆಡುತ್ತದೆ.

ಕಾಲೊರಸೇ ಅಪಾಯವಾದಾಗ

ಅಂಚು ಮೇಲೆದ್ದ, ಅಡಿ ಸವೆದು ಜಾರುವ ಕಾಲೊರಸು ಇಲ್ಲದಿರುವುದೇ ಮೇಲು. ಕೊಳ್ಳುವಾಗ ಅಡಿಯಲ್ಲಿ ರಬ್ಬರ್ ಇದೆಯೇ, ಅಂಚು ಇಳಿಜಾರಾಗಿದೆಯೇ, ಬಾಗಿಲು ಅದರ ಮೇಲೆ ಸರಾಗವಾಗಿ ತಿರುಗುವುದೇ ಎಂಬುದನ್ನು ನೋಡಬೇಕು. ಹೊಸದಾಗಿ ನೆಲ ಹಾಸಿಸುವವರು ಹಾಸಿನ ದಪ್ಪದಷ್ಟೇ ಆಳದ ತಗ್ಗನ್ನು ಬಾಗಿಲಲ್ಲಿ ಬಿಡಿಸಿಕೊಂಡರೆ, ಹಾಸು ನೆಲದ ಮಟ್ಟಕ್ಕೆ ಕೂರುತ್ತದೆ. ಎಡವುವ ಭಯವಿರುವುದಿಲ್ಲ; ಗಾಲಿಕುರ್ಚಿ, ಸರಕಿನ ತಳ್ಳುಗಾಡಿಗಳಿಗೂ ಅಡ್ಡಿಯಾಗದು.

ನಿರ್ವಹಣೆಯೂ ಅಷ್ಟೇ ಮುಖ್ಯ. ಧೂಳು ತುಂಬಿದ ಹಾಸು ಹೊಸ ಧೂಳನ್ನು ಹಿಡಿಯದು. ನೀರು ತುಂಬಿದ್ದು ನೀರನ್ನು ಹರಡುತ್ತದೆ. ದಿನಕ್ಕೊಮ್ಮೆ ಕೊಡವುವುದು ಅಥವಾ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯುವುದು, ಅಡಿಯ ನೆಲವನ್ನು ಒರೆಸುವುದು ಅಗತ್ಯ. ಮಳೆಗಾಲದಲ್ಲಿ ಎರಡು ಜೊತೆ ಹಾಸುಗಳಿದ್ದರೆ ಒಂದು ಒಣಗುವಾಗ ಮತ್ತೊಂದು ಬಳಕೆಯಲ್ಲಿರುತ್ತದೆ. ಈ ಕೆಲಸವನ್ನು ಇಂತಹವರೇ ಮಾಡಬೇಕೆಂದು ಒಬ್ಬ ಸಿಬ್ಬಂದಿಗೆ ವಹಿಸದಿದ್ದರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಈ ವೆಚ್ಚ ಸಾರ್ಥಕವೇ ಎಂದು ತಿಳಿಯಲು ಸರಳವಾದ ಪರೀಕ್ಷೆಯಿದೆ. ಹಾಸಿಲ್ಲದೆ ಒಂದು ಒಣ ವಾರ, ಸರಿಯಾದ ಉದ್ದದ ಹಾಸಿನೊಂದಿಗೆ ಮತ್ತೊಂದು ಒಣ ವಾರ ಒಳಗೆ ಗುಡಿಸಿದ ಧೂಳನ್ನು ಬೇರೆ ಬೇರೆ ಚೀಲಗಳಲ್ಲಿ ಕೂಡಿಟ್ಟು ತೂಗಿ ನೋಡಬಹುದು. ಆ ತೂಕದ ಅಂತರವೇ ವರ್ತಕರಿಗೆ ಲಾಭನಷ್ಟದ ಲೆಕ್ಕವನ್ನು ತಿಳಿಸುತ್ತದೆ.