ಟಾರ್ಚ್ ಆರಿಸು ಮಾರಾಯ!

"ನಿಲ್ಲು! ಕಾಲಿಡಬೇಡ!"

ಎತ್ತಿದ ಕಾಲನ್ನು ಎತ್ತಿದಲ್ಲೇ ಹಿಡಿದು ನಿಂತೆ. ಹಾವೇ ಸೈ ಅಂದುಕೊಂಡೆ. ಆಗುಂಬೆ ಸೀಮೆಯ ಕಾಡು, ಆರಿದ್ರಾ ಮಳೆ, ಕಾಳಿಂಗನ ಊರು; ಇನ್ನೇನು ನೆನಪಾಗಬೇಕು? ದೊಡ್ಡಮ್ಮ ಕಂಬಳಿಕೊಪ್ಪೆ ಸರಿಸಿ ಬಗ್ಗಿದರು. ನನ್ನ ಹೆಜ್ಜೆಯಿಂದ ಗೇಣು ದೂರದಲ್ಲಿ, ತಲೆ ಮೇಲೆ ತರಗೆಲೆಯೊಂದನ್ನು ಹೊತ್ತುಕೊಂಡೇ ಬೂದುಬಣ್ಣದ ಮೊನೆಯೊಂದು ಮೇಲೆದ್ದಿತ್ತು. ಅದರ ಪಕ್ಕ ಇನ್ನೊಂದು. ಅಗೋ ಅಲ್ಲಿ ನಾಲ್ಕು! ಮರದ ಆಚೆ ಹತ್ತು, ಇಪ್ಪತ್ತು! ನಿನ್ನೆ ಸಂಜೆ ಇದೇ ದಾರಿಯಲ್ಲಿ ಬಂದಿದ್ದೆವು. ಆಗ ಇಲ್ಲಿ ಏನೆಂದರೆ ಏನೂ ಇರಲಿಲ್ಲ.

"ಹೆಗ್ಗಾಲಣಬೆ. ಮೊನ್ನೆ ಗುಡುಗಿತಲ್ಲ, ಎದ್ದಿವೆ" ಅಂದರು ದೊಡ್ಡಮ್ಮ, ಹಾಲಿನವನು ಬಂದ ಅನ್ನುವಷ್ಟೇ ಸಹಜವಾಗಿ.

ಗುಡುಗಿಗೂ ಅಣಬೆಗೂ ಎಲ್ಲಿಯ ನಂಟು ಎಂದು ಒಂದು ಕಾಲದಲ್ಲಿ ನಗುತ್ತಿದ್ದೆ. ಈಗ ನಗುವುದಿಲ್ಲ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ದಿಮ್ಮಿಗಳಿಗೆ ಕೃತಕ ಮಿಂಚು ಹರಿಸಿ ನೋಡಿದಾಗ ಶಿಟಾಕೆಯಂಥ ಕೆಲವು ಅಣಬೆಗಳ ಇಳುವರಿ ಏರಿಬಿಟ್ಟಿತು!

ಕೀಳಲು ಕೈ ಚಾಚಿದೆ. "ಕೀಳಬೇಡ, ಬಗಿ" ಎಂದು ತಡೆದು ದೊಡ್ಡಮ್ಮ ಕತ್ತಿಯ ಮೊನೆಯಿಂದ ಮಣ್ಣು ಬಿಡಿಸತೊಡಗಿದರು. ಕಾಂಡ ಮುಗಿಯುತ್ತದೆ ಅಂದುಕೊಂಡ ಕಡೆ ಮುಗಿಯಲಿಲ್ಲ. ಒಂದು ಗೇಣು ಇಳಿಯಿತು. ಇಲಿಯ ಬಾಲದಂತೆ ಸಪೂರವಾಗುತ್ತ ಇನ್ನೂ ಇಳಿಯಿತು. ಕೊನೆಗೆ ಕಂಡಿತು ನೋಡಿ, ನೆಲದೊಳಗೊಂದು ಪುಟ್ಟ ಕೋಣೆ. ಅದರಲ್ಲಿ ಒಣಗಿದ ಸ್ಪಂಜಿನಂಥ ಕಂದು ಗಡ್ಡೆ. ಗಡ್ಡೆಯ ತುಂಬ ಗಾಬರಿಬಿದ್ದ ಗೆದ್ದಲು!

ಅದು ಅವುಗಳ ಗದ್ದೆ. ಮರ, ತರಗೆಲೆಗಳನ್ನು ಅಗಿದು ತಂದು, ತಮ್ಮ ಹಿಕ್ಕೆಯಿಂದಲೇ ಗೂಡಿನೊಳಗೆ ಗೆದ್ದಲುಗಳು ಹಾಸು ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಕಟ್ಟಿಗೆಯ ಗಡಸು ಅಂಶವನ್ನು ಶಿಲೀಂಧ್ರ ಮೆದು ಮಾಡಿಕೊಡುತ್ತದೆ, ಗೆದ್ದಲು ಉಣ್ಣುತ್ತವೆ. ನಾವು ಉಳುಮೆ ಕಲಿತು ಸುಮಾರು ಹತ್ತು ಸಾವಿರ ವರ್ಷ. ಈ ಹುಳುಗಳ ಬೇಸಾಯ ಆಫ್ರಿಕಾದಲ್ಲಿ ಶುರುವಾಗಿ ಸುಮಾರು ಮೂರು ಕೋಟಿ ವರ್ಷ! 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಅಣಬೆಗಳ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಒಂದು ಪ್ರಭೇದವನ್ನು 1979ರಲ್ಲಿ ವರ್ಣಿಸಿದ ನಟರಾಜನ್ ಅದಕ್ಕೆ ಹೈಮ್ ಅವರ ಹೆಸರನ್ನೇ ಕೊಟ್ಟರು: ಟರ್ಮಿಟೊಮೈಸಿಸ್ ಹೈಮಿಯೈ. ದೊಡ್ಡಮ್ಮನಿಗೆ ಈ ಹೆಸರುಗಳು ಬೇಕಿಲ್ಲ. ಬೇರು ಹುತ್ತಕ್ಕೆ ಇಳಿದಿದೆಯೋ ಇಲ್ಲವೋ, ಅದೊಂದು ಅವರಿಗೆ ಗೊತ್ತಾಗಬೇಕು.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಕಾಲಿಗೆ ಹತ್ತಿದ ಉಂಬಳಗಳನ್ನೂ ಮರೆತು ಬಗ್ಗಿಕೊಂಡೇ ನಡೆದೆ. ಬಿದ್ದ ಕೊಂಬೆಯ ತುಂಬ ಬೆರಳುಗುರಿನಷ್ಟು ಬಟ್ಟಲುಗಳು, ಒಳಗೆ ಮೊಟ್ಟೆಗಳಂಥ ಚಪ್ಪಟೆ ಬೀಜಕಕೋಶಗಳು. ಮಳೆಹನಿಯೊಂದು ಸರಿಯಾಗಿ ಬಟ್ಟಲಿಗೇ ಬಿದ್ದರೆ ಅವು ಚಿಮ್ಮಿ ಹಾರುತ್ತವೆ! ಬಿದಿರುಮೆಳೆಯ ಬುಡದಲ್ಲಿ ಬಿಳಿ ಜಾಳಿಗೆಯ ಲಂಗ ಉಟ್ಟು ನಿಂತ ಇನ್ನೊಂದು. ಚೆಲುವೆ ಎಂದು ಹತ್ತಿರ ಹೋದರೆ ಸತ್ತ ಇಲಿಯ ನಾತ. ನೊಣಗಳಿಗೆ ಅದೇ ಪರಿಮಳ, ತಲೆಯ ಲೋಳೆಯೊಂದಿಗೆ ಬೀಜಕಗಳನ್ನು ಹೊತ್ತು ಹಾರುತ್ತವೆ. ಒಣದಿಮ್ಮಿಯ ಮೇಲೆ ಬೂದು ಬೀಸಣಿಗೆಯಂಥ ಸೀಳುಗೀರಣಬೆ, ತೀರಾ ಸಾಮಾನ್ಯದ್ದು. ಆದರೆ ಗಂಡು ಹೆಣ್ಣು ಎಂಬ ಎರಡೇ ಲೆಕ್ಕದ ನಮ್ಮೆದುರು ಅದಕ್ಕೆ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಕೂಡುವ ಬಗೆಗಳು! ಇಂಥವನ್ನೆಲ್ಲ ಒಟ್ಟಿಗೆ ನಾಯಿಕೊಡೆ ಎಂದು ಕರೆದು, ಲೆಕ್ಕಕ್ಕಿಲ್ಲದ ಸಂಘಗಳಿಗೆ ಅದನ್ನೇ ಬೈಗುಳ ಮಾಡಿಕೊಂಡಿದ್ದೇವಲ್ಲ!

ರಾತ್ರಿ ಊಟವಾದ ಮೇಲೆ ದೊಡ್ಡಮ್ಮನ ಮಗ ಮತ್ತೆ ಕಾಡಿನಂಚಿಗೆ ಕರೆದೊಯ್ದ. ಚಂದ್ರನಿಲ್ಲ. ಮಳೆ ಹೊಳವಾಗಿತ್ತು.

"ಟಾರ್ಚ್ ಆರಿಸು ಮಾರಾಯ."

ಆರಿಸಿದೆ. ಕತ್ತಲೆ. ಐದು ನಿಮಿಷ, ಹತ್ತು ನಿಮಿಷ, ನನ್ನ ಕೈಯೇ ನನಗೆ ಕಾಣದು. ಜೀರುಂಡೆಗಳ ಸದ್ದು ಕಿವಿ ತುಂಬಿತು. ಮತ್ತೆ ಯಾವ ಗಳಿಗೆಯಲ್ಲೋ ನೆಲದ ಮೇಲೆ ಏನೋ ಬೆಳ್ಳಗೆ. ಅಲ್ಲ, ಹಸಿರು! ಒಂದು ಕಡ್ಡಿ. ಅದರಾಚೆ ಒಂದು ಬೇರು. ಅಯ್ಯೋ ದೇವರೇ, ಇಡೀ ನೆಲವೇ! ಉರಿಯದ, ಹೊಗೆಯಾಡದ, ಮಿಣುಕದ ತಣ್ಣನೆಯ ಬೆಳಕು. ಕೊಳ್ಳಿದೆವ್ವದ ಕತೆಗಳನ್ನು ಕಟ್ಟಿದವರ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಕೊಳೆಯುವ ಕಟ್ಟಿಗೆಯೊಳಗೆ ಹಬ್ಬಿದ ಶಿಲೀಂಧ್ರದ ಎಳೆಗಳಲ್ಲಿರುವ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಕೂಡಿದಾಗ ಹೊಮ್ಮುವ ಬೆಳಕು ಅದು. ಯಾರಿಗಾಗಿ? ಬ್ರೆಜಿಲ್‌ನಲ್ಲಿ ಅಣಬೆಯಾಕಾರದ ಗೊಂಬೆಗಳೊಳಗೆ ಹಸಿರು ಎಲ್‌ಇಡಿ ಇಟ್ಟು ಕಾಡಿನಲ್ಲಿ ನೋಡಿದರು. ಬೆಳಗುವ ಗೊಂಬೆಗಳಿಗೇ ಹೆಚ್ಚು ಹುಳುಗಳು ಮುತ್ತಿದವು. 2015ರಲ್ಲಿ ಅದು ಪ್ರಕಟವಾಯಿತು.

ಹೀಗೆ ಬೆಳಗುವವುಗಳಲ್ಲಿ ಬಹಳಷ್ಟು ಮೈಸಿನಾ ಎಂಬ ಕುಲದವು ಮತ್ತು ಅದರ ನೆಂಟರು. ಆ ಹೆಸರು ಕೇಳಿದರೆ ನನಗೆ ಕಪ್ಪೆ ನೆನಪಾಗುತ್ತದೆ. 2023ರ ಜೂನ್, ಕಾರ್ಕಳದ ಮಾಳ, ಕುದುರೆಮುಖದ ತಪ್ಪಲು. ಕಪ್ಪೆ, ಹಾವು ಹುಡುಕುತ್ತ ಹೋದ ಗೆಳೆಯರ ಗುಂಪೊಂದು ರಸ್ತೆ ಬದಿಯ ನೀರಿನಲ್ಲಿ ಹತ್ತಾರು ಕಪ್ಪೆ ಕಂಡಿತು. ಅವುಗಳಲ್ಲೊಂದರ ಪಕ್ಕೆಯಲ್ಲಿ ಪುಟ್ಟದೊಂದು ಅಣಬೆ ಎದ್ದಿತ್ತು. ಕಪ್ಪೆ ಸತ್ತಿರಲಿಲ್ಲ! ಕಡ್ಡಿಯ ಮೇಲೆ ಜೀವಂತವಾಗಿ ಕುಳಿತಿತ್ತು. ಅವರು ಅದನ್ನು ಹಿಡಿಯದೆ ಚಿತ್ರವಷ್ಟೇ ತೆಗೆದರು. ಚಿತ್ರ ನೋಡಿದ ತಜ್ಞರು ಮೈಸಿನಾ ಎಂದರು. ಕೊಳೆತ ಕಟ್ಟಿಗೆಯಲ್ಲಿ ಬಾಳುವ ಅಣಬೆ ಉಸಿರಾಡುವ ಕಪ್ಪೆಯ ಮೈಯಲ್ಲಿ!

ಮನೆಗೆ ಬಂದವನೇ ಇನ್ನೊಂದು ಕೆಲಸ ಮಾಡಿದೆ. ಕೊಟ್ಟಿಗೆಯ ಹಿಂದಿನ ಹುಲ್ಲಿನಲ್ಲಿ ದೊಡ್ಡ ಬಿಳಿ ಕೊಡೆಯೊಂದು ಅರಳಿತ್ತು. ಮೇಲೆ ಕಂದು ಚಕ್ಕೆ, ಕಾಂಡಕ್ಕೆ ಉಂಗುರ. ತಿನ್ನಲು ಹೇಳಿ ಮಾಡಿಸಿದಂಥ ರೂಪ. ಮೊಬೈಲ್ ಆ್ಯಪ್ ಮೂರು ಫೋಟೊಗಳಿಗೆ ಮೂರು ಹೆಸರು ಹೇಳಿತು. ದೊಡ್ಡಮ್ಮ ಬೆಳಿಗ್ಗೆಯೇ ಬುಡ ಕೆದಕಿ "ಇದಕ್ಕೆ ಬೇರಿಲ್ಲ, ಬಿಡು" ಎಂದು ಕೈ ತೊಳೆದುಕೊಂಡಿದ್ದರು. ಬೆಳ್ಳಿ ಕಪ್ಪಾದರೆ ವಿಷ, ಬೆಳ್ಳುಳ್ಳಿ ಕಪ್ಪಾದರೆ ವಿಷ ಎಂಬ ಪರೀಕ್ಷೆಗಳಿವೆಯಲ್ಲ, ಅವೆಲ್ಲ ಸುಳ್ಳು, ನಂಬಿದರೆ ಆಸ್ಪತ್ರೆಯೇ. ನಾನು ಕೊಡೆಯ ತಲೆ ಮಾತ್ರ ಕತ್ತರಿಸಿ, ಕೆಳಬದಿ ಕೆಳಗಾಗಿ ಬಿಳಿ ಹಾಳೆಯ ಮೇಲಿಟ್ಟು, ಪಾತ್ರೆ ಕವುಚಿ ಮಲಗಿದೆ. ರಾತ್ರಿಯಿಡೀ ಬೀಜಕಗಳು ಉದುರಬೇಕು. ಹೆಗ್ಗಾಲಣಬೆಯದಾದರೆ ನಸುಗೆಂಪು ಮುದ್ರೆ ಬೀಳುತ್ತದೆ.

ಬೆಳಿಗ್ಗೆ ಪಾತ್ರೆ ಎತ್ತಿದಾಗ ದೊಡ್ಡಮ್ಮನೂ ಕಾಫಿ ಲೋಟ ಹಿಡಿದು ಬಂದು ನಿಂತಿದ್ದರು. ಹಾಳೆಯ ಮೇಲೆ ಗಾಲಿಯ ಕಡ್ಡಿಗಳಂತೆ ನೂರಾರು ಸಣ್ಣ ಗೆರೆಗಳು. ಅಷ್ಟೂ ಹಸಿರು! ಕ್ಲೋರೊಫಿಲಮ್ ಮಾಲಿಬ್ಡೈಟಿಸ್, ತಿಂದವರನ್ನು ವಾಂತಿಯಲ್ಲಿ ಹಣ್ಣು ಮಾಡುವ ಹಸಿರು ಬೀಜಕದ ಕೊಡೆ.

"ಬಿಳಿ ಅಣಬೆ ಹಸಿರು ಉದುರಿಸುತ್ತದಾ?" ಎಂದು ದೊಡ್ಡಮ್ಮ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕಾಫಿಯನ್ನು ಕಟ್ಟೆಯ ಮೇಲೆ ಮರೆತು, ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕಿಳಿದರು.

"ಬಾರೋ, ಬಾವಿಕಟ್ಟೆ ಹತ್ತಿರ ಇನ್ನೊಂದು ಇದೆ. ಇನ್ನೆರಡು ಹಾಳೆ ತಾ."