ಯಾವ ಊರಿನ ದೋಸೆ ಚೆನ್ನ? ಹಿಂಜವಡಿಯಲ್ಲಿ ಶುರುವಾದ ಒಂದು ಜಗಳ

ಈ ಸಲದ ಮಾತು ಕೋಡ್ ಬಗ್ಗೆ ಅಲ್ಲ, ಸಂಬಳದ ಬಗ್ಗೆಯೂ ಅಲ್ಲ. ದೋಸೆ ಬಗ್ಗೆ. ನಗಬೇಡಿ, ಹೋದ ಡಿಸೆಂಬರ್‌ನಲ್ಲಿ ಇದೇ ವಿಷಯಕ್ಕೆ ನಮ್ಮ ಮನೆಯಲ್ಲಿ ಎರಡು ದಿನ ಮಾತು ನಿಂತುಹೋಗಿತ್ತು. ವಿಡಿಯೊದಲ್ಲಿ ಅವಸರಕ್ಕೆ ಬಿಟ್ಟುಹೋದ ಒಂದಿಷ್ಟು ವಿವರ ಸೇರಿಸಿ ಇಲ್ಲಿ ಬರೆದಿದ್ದೀನಿ.

ಒಂದು ಸಂಜೆ ಆಫೀಸ್ ಕಾಲ್‌ನಲ್ಲಿ ಅಮೆರಿಕದ ಸಹೋದ್ಯೋಗಿಗಳು ಪಿಜ್ಜಾ ಬಗ್ಗೆ ಕಚ್ಚಾಡ್ತಿದ್ರು. ಒಬ್ಬನಿಗೆ ನ್ಯೂಯಾರ್ಕಿನ ತೆಳು ಪಿಜ್ಜಾನೇ ಪಿಜ್ಜಾ, ಇನ್ನೊಬ್ಬನಿಗೆ ಶಿಕಾಗೋದ ದಪ್ಪ ಪಿಜ್ಜಾ. ನಾವು ನಾಲ್ಕು ಜನ ಕನ್ನಡದವರು ಮ್ಯೂಟ್ ಹಾಕ್ಕೊಂಡು ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನ ಕ್ಯಾಂಟೀನ್‌ನಲ್ಲಿ ನಾವು ಮಾಡಿದ್ದೂ ಅದನ್ನೇ. ಮೈಸೂರಿನ ಗೆಳೆಯ ಕೆಂಪು ಚಟ್ನಿ ಸವರಿದ ಮಸಾಲೆ ದೋಸೆ ಅಂದ. ಕುಂದಾಪುರದ ಗೆಳತಿ ನೀರು ದೋಸೆಯ ಮುಂದೆ ಉಳಿದದ್ದೆಲ್ಲ ಬರೀ ಎಣ್ಣೆ ಅಂದಳು. ಗೋಕಾಕದವನು ಮಾತ್ರ, "ನಮಗ ರೊಟ್ಟಿ ಐತ್ರಿ, ದೋಸಿ ಜಗಳ ನಿಮಗ ಇರ್ಲಿ" ಅಂತ ಊಟ ಮುಂದುವರಿಸಿದ. ನಾನು ದಾವಣಗೆರೆಯೋರು. ಸುಮ್ಮನಿರೋಕಾಗುತ್ತಾ? "ಭಾನುವಾರ ಮನೆಗೆ ಬನ್ನಿ, ಬೆಣ್ಣೆ ದೋಸೆ ಅಂದ್ರೆ ಏನು ಅಂತ ತೋರಿಸ್ತೀನಿ" ಅಂದುಬಿಟ್ಟೆ.

ಶನಿವಾರ ರಾತ್ರಿ ಹಿಟ್ಟು ರುಬ್ಬಿಟ್ಟೆ. ಬೆಳಗ್ಗೆ ನೋಡಿದ್ರೆ ಇಟ್ಟ ಮಟ್ಟದಲ್ಲೇ ಇದೆ, ಒಂದು ಬೆರಳಷ್ಟೂ ಉಬ್ಬಿಲ್ಲ. ದಾವಣಗೆರೆಯಿಂದ ಬಂದಿದ್ದ ಅಮ್ಮ, "ಹಿಟ್ಟು ಇನ್ನೂ ಎದ್ದಿಲ್ಲ, ಇವತ್ತು ಉಪ್ಪಿಟ್ಟು ಮಾಡಿಬಿಡು" ಅಂದ್ರು. ಕೇಳಲಿಲ್ಲ. ನಾನ್‌ಸ್ಟಿಕ್ ತವಾ ಮೇಲೆ ಹುಯ್ದೆ. ಬಂದದ್ದು ಬಿಳಿಚಿಕೊಂಡ, ಬಿರುಸಾದ ಒಂದು ವಸ್ತು. ಪುಣೆಯಲ್ಲೇ ಹುಟ್ಟಿದ ನನ್ನ ಆರು ವರ್ಷದ ಮಗಳು ಎಲ್ಲರೆದುರು, "ಇದು ಬೇಡ, ಕೆಳಗಿನ ಹೋಟೆಲ್‌ದು ಮೈಸೂರ್ ಮಸಾಲಾ ಬೇಕು" ಅಂದಳು. ಮೊದಲೇ ಅವಮಾನ ಆಗಿತ್ತು ನೋಡಿ, "ಅದು ದೋಸೆನೇ ಅಲ್ಲ, ಪಾವ್ ಭಾಜಿ!" ಅಂತ ಜೋರಾಗಿ ಗದರಿಬಿಟ್ಟೆ. ಮಗು ಅಳ್ತಾ ಒಳಗೆ ಹೋಯ್ತು. ಅಮ್ಮ ಇಷ್ಟೇ ಹೇಳಿದ್ದು: "ಹುಡುಗಿ ಇಷ್ಟಪಟ್ಟು ತಿನ್ನೋದನ್ನ ಹಂಗೆ ಹಳೀಬ್ಯಾಡ." ಆಮೇಲೆ ಎರಡು ದಿನ ಮನೇಲಿ ಯಾರೂ ನನ್ನ ಹತ್ರ ಸರಿಯಾಗಿ ಮಾತಾಡಲಿಲ್ಲ.

ಪ್ರೊಡಕ್ಷನ್‌ನಲ್ಲಿ ಏನಾದ್ರೂ ಕೈಕೊಟ್ರೆ ನಾವು ಮೂಲ ಕಾರಣ ಹುಡುಕ್ತೀವಲ್ಲ, ಹಾಗೇ ಇದಕ್ಕೂ ಕೂತೆ.

ಮೊದಲನೇ ಕಾರಣ ಚಳಿ. ಹಿಟ್ಟು ಹುದುಗು ಬರೋದು ಉದ್ದಿನ ಜೊತೆ ಬರುವ ಸೂಕ್ಷ್ಮಜೀವಿಗಳಿಂದ. ಅವು ಹಿಟ್ಟಿನ ಸಕ್ಕರೆ ಅಂಶ ತಿಂದು ಹುಳಿ ಮತ್ತು ಗಾಳಿ ಬಿಡುತ್ತವೆ. ಉದ್ದಿನ ಅಂಟು ಆ ಗಾಳಿಯನ್ನ ಹಿಡಿದಿಟ್ಟುಕೊಳ್ಳುತ್ತೆ, ಹಿಟ್ಟು ಉಬ್ಬುತ್ತೆ. ಅವಕ್ಕೆ 25ರಿಂದ 30 ಡಿಗ್ರಿ ಹಿತ. ಪುಣೆಯ ಡಿಸೆಂಬರ್ ರಾತ್ರಿಗಳು 10–12 ಡಿಗ್ರಿಗೆ ಇಳಿಯೋದು ಸಾಮಾನ್ಯ. ಊರಿನ ಲೆಕ್ಕದಲ್ಲಿ ಎಂಟು ಗಂಟೆ ಬಿಟ್ರೆ ಇಲ್ಲಿ ಅವು ಇನ್ನೂ ಹೊದ್ದು ಮಲಗಿರುತ್ತವೆ.

ಎರಡನೇ ಕಾರಣ ಹಂಚು. ಹಿಟ್ಟು ಬಿದ್ದ ಕೂಡಲೇ ಅದರ ನೀರು ಹಂಚಿನ ಶಾಖವನ್ನ ಎಳೆದುಕೊಳ್ಳುತ್ತೆ. ನೀರು ಆರಿ, ಮೇಲ್ಮೈ ಸುಮಾರು 140 ಡಿಗ್ರಿ ದಾಟಿದ ಮೇಲೇ ಕೆಂಪು ಬಣ್ಣ, ಆ ಹುರಿದ ಪರಿಮಳ ಚೆನ್ನಾಗಿ ಬರೋದು. ದಪ್ಪ ಕಬ್ಬಿಣದ ಹಂಚಿನಲ್ಲಿ ಶಾಖದ ದಾಸ್ತಾನು ಜಾಸ್ತಿ. ನನ್ನ ತೆಳು ತವಾ ಒಂದೇ ದೋಸೆಗೆ ತಣ್ಣಗಾಗ್ತಿತ್ತು.

ಇಷ್ಟು ತಿಳಿದ ಮೇಲೆ ನಮ್ಮ ಜಗಳವೇ ಬೇರೆ ಥರ ಕಾಣೋಕೆ ಶುರುವಾಯ್ತು. ಒಂದೊಂದು ಊರಿನ ದೋಸೆಯೂ ಆ ಊರಿನ ಲೆಕ್ಕಕ್ಕೆ ಬಂದ ಉತ್ತರ. ಕರಾವಳಿಯಲ್ಲಿ ಅಕ್ಕಿ, ತೆಂಗು ಧಾರಾಳ. ನೀರು ದೋಸೆಗೆ ಉದ್ದೂ ಬೇಡ, ಹುದುಗೂ ಬೇಡ. ನೆನೆಸು, ರುಬ್ಬು, ನೀರಾಗಿಸು, ಹುಯ್ಯು, ಮುಚ್ಚಿ ಬೇಯಿಸು. ಅದು ಕೆಂಪಾಗಲೇಬಾರದು, ಯಾಕಂದ್ರೆ ಅದರ ಕೆಲಸ ಮೀನಿನದ್ದೋ ಕೋಳಿಯದ್ದೋ ಸಾರನ್ನ, ಇಲ್ಲಾ ಕಾಯಿ–ಬೆಲ್ಲವನ್ನ ಹೀರಿಕೊಳ್ಳೋದು. ದಾವಣಗೆರೆಯದ್ದು ಇದಕ್ಕೆ ಪೂರ್ತಿ ಉಲ್ಟಾ. ಸಣ್ಣದು, ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಬೆಣ್ಣೆ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಹಿಟ್ಟಿಗೂ ಮಂಡಕ್ಕಿ ಬಿದ್ದಿದೆ. ಜೊತೆಗೆ ಖಾರ ಕಮ್ಮಿ ಇರೋ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಸಾಂಬಾರ್ ಕೇಳಬಾರದು. ಮೈಸೂರಿನವನ ಮಸಾಲೆ ದೋಸೆಯಲ್ಲಿ ಬೆಳ್ಳುಳ್ಳಿ–ಒಣಮೆಣಸಿನ ಕೆಂಪು ಚಟ್ನಿಯದೇ ದರ್ಬಾರು. ಅದೇ ಊರಿನ ನಜರ್‌ಬಾದಿನ ಮೈಲಾರಿ ದೋಸೆ ಮಾತ್ರ ಹತ್ತಿಯಂಗೆ ಮೆತ್ತಗೆ. ಅಂದ್ರೆ ಮೈಸೂರು ದೋಸೆ ಅನ್ನೋದೂ ಒಂದೇ ಒಂದು ಅಲ್ಲ.

ಆದರೆ ನನ್ನ ಹಠ ಮುರಿದದ್ದು ಇನ್ನೊಂದು ವಿಷಯ. ಬೆಣ್ಣೆ ದೋಸೆಯ ಬಗ್ಗೆ ನಮ್ಮೂರಲ್ಲಿ ಹೇಳೋ ಕಥೆ ಹೀಗಿದೆ: 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ಹೆಣ್ಣುಮಗಳು ದಾವಣಗೆರೆಯಲ್ಲಿ ನಾಟಕ ಥಿಯೇಟರಿನ ಹೊರಗೆ ದೋಸೆ ಅಂಗಡಿ ಇಟ್ಟಳು. ಮೊದಲು ರಾಗಿ ದೋಸೆ ಇತ್ತು, ಅಕ್ಕಿ ದೋಸೆ ಬಂದದ್ದು ಅವಳ ಮಕ್ಕಳ ಕಾಲಕ್ಕೆ. ಇದನ್ನ ಹೇಳಿದ್ದೇ ತಡ, ಗೋಕಾಕದವನು ಎದ್ದು ನಿಂತ: "ಅಂದ್ರ ನಿಮ್ಮ ದೋಸಿ ನಮ್ಮಾಕಿ ಮಾಡಿದ್ದು!"

ಬೆಂಗಳೂರಿನದ್ದೂ ಅದೇ ಕಥೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನ 1943ರಲ್ಲಿ ಶುರು ಮಾಡಿದ್ದು ಕರಾವಳಿಯ ವೆಂಕಟರಮಣ ಉರಾಳರು. ತಮಾಷೆ ಏನಂದ್ರೆ, ಶಿಕಾಗೋದ ದಪ್ಪ ಪಿಜ್ಜಾಕ್ಕೆ ಹೆಸರಾದ ಪಿಜ್ಜೇರಿಯಾ ಉನೊ ತೆರೆದದ್ದೂ 1943ರಲ್ಲೇ. ನ್ಯೂಯಾರ್ಕಿನ ಪಿಜ್ಜಾ ಕಥೆಯನ್ನ ಸಾಮಾನ್ಯವಾಗಿ ಶುರು ಮಾಡೋದು ನೇಪಲ್ಸ್‌ನಿಂದ ವಲಸೆ ಬಂದ ಲೊಂಬಾರ್ಡಿಯಿಂದ. ನಮ್ಮ ಪುಣೆಯ ಎಫ್.ಸಿ. ರೋಡಿನ ವೈಶಾಲಿಯನ್ನ ಬೆಳೆಸಿದ ಜಗನ್ನಾಥ ಶೆಟ್ಟರೂ ಚಿಕ್ಕ ವಯಸ್ಸಲ್ಲೇ ಕರಾವಳಿಯಿಂದ ಮಹಾರಾಷ್ಟ್ರಕ್ಕೆ ಬಂದವರು. ಅಲ್ಲಿ ದೋಸೆಯ ಪಕ್ಕದ ಟೇಬಲ್ಲಿಗೇ ಸೇವ್–ಬಟಾಟಾ–ದಹಿ ಪುರಿ ಬರುತ್ತೆ, ಪುಣೆಯವರು ಎರಡನ್ನೂ ತಮ್ಮದೇ ಅಂತ ತಿಂತಾರೆ.

ಇನ್ನೂ ಹಿಂದಕ್ಕೆ ಹೋಗಿ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ 'ದೋಸಕ' ಬರುತ್ತೆ. ಅದು ಬೇಳೆಕಾಳಿನ ಹಿಟ್ಟಿನದ್ದು. ಶುದ್ಧ ದೋಸೆಯೇ ಬೇಕು ಅಂತ ಹಠ ಹಿಡಿದರೆ ಅಕ್ಕಿಯನ್ನೂ ಆಚೆ ಹಾಕಬೇಕಾಗುತ್ತೆ!

ಹಾಗಾದ್ರೆ ಕೆಳಗಿನ ಹೋಟೆಲಿನ 'ಮೈಸೂರ್ ಮಸಾಲಾ' ಏನು? ಹಂಚಿನ ಮೇಲೇ ಈರುಳ್ಳಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಕೆಂಪು ಚಟ್ನಿ, ಬೆಣ್ಣೆ, ಪಾವ್ ಭಾಜಿ ಮಸಾಲೆ ಹಾಕಿ ಅರೆದು ದೋಸೆಗೆ ಹಚ್ಚೋದು. ಮೈಸೂರಲ್ಲಿ ಇದನ್ನ ಕೇಳಿದ್ರೆ ಮಿಕಮಿಕ ನೋಡ್ತಾರೆ. ಆದರೆ ಪಾವ್ ಭಾಜಿಯ ಹಂಚು ಇದ್ದ ಊರಿಗೆ ದೋಸೆ ಬಂದಾಗ ಹುಟ್ಟಿದ ಉತ್ತರ ಅದು. ಚೆನ್ನಮ್ಮ ದಾವಣಗೆರೆಗೆ ಬಂದು ಮಾಡಿದ್ದಕ್ಕಿಂತ ಅದೇನು ಬೇರೆ? ನಾನು ಗದರಿದ್ದು ಮಗಳ ನಾಲಿಗೆಯನ್ನಲ್ಲ, ಅವಳು ಹುಟ್ಟಿದ ಊರನ್ನ. ಆ ಊರಿಗೆ ಅವಳನ್ನ ಕರ್ಕೊಂಡು ಬಂದೋರು ನಾವೇ.

ಹಾಗಂತ ಎಲ್ಲಾ ದೋಸೆನೂ ಒಂದೇ ಅಂತ ಅಲ್ಲ. ಕೆಟ್ಟ ದೋಸೆ ಕೆಟ್ಟದ್ದೇ, ನನ್ನದು ಕೆಟ್ಟದ್ದಾಗಿತ್ತು. ಅಳೆಯೋ ಕೋಲು ಮಾತ್ರ ಆಯಾ ದೋಸೆಯದ್ದೇ ಇರಬೇಕು. ನೀರು ದೋಸೆ ಗರಿಯಾಗಿಲ್ಲ ಅಂತ, ಬೆಣ್ಣೆ ದೋಸೆ ತೆಳ್ಳಗಿಲ್ಲ ಅಂತ ಬೈದ್ರೆ ಅದು ವಿಮರ್ಶೆ ಅಲ್ಲ.

ಜನವರಿಯಲ್ಲಿ ಮತ್ತೆ ಪ್ರಯತ್ನ ಮಾಡಿದೆ. ಇಲ್ಲಿ ಚಳಿಗಾಲದಲ್ಲಿ ದೋಸೆ ಮಾಡೋರು ಬರೆದಿಟ್ಕೊಳ್ಳಿ: ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಪಾತ್ರೆಯನ್ನ ಓವನ್ ಒಳಗಿಡಿ, ಓವನ್ ಆನ್ ಮಾಡಬೇಡಿ, ಒಳಗಿನ ದೀಪ ಮಾತ್ರ ಉರಿಯಲಿ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ನನಗೆ ಹದಿನಾಲ್ಕು ಗಂಟೆ ಬೇಕಾಯ್ತು. ತುಳಶಿಬಾಗ್‌ಗೆ ಹೋಗಿ ದಪ್ಪ ಕಬ್ಬಿಣದ ಹಂಚು ತಂದೆ. ಅಮ್ಮ ಅದನ್ನ ಮೂರು ದಿನ ಎಣ್ಣೆ, ಈರುಳ್ಳಿ ಹಚ್ಚಿ ಪಳಗಿಸಿದ್ರು.

ಭಾನುವಾರ ಎಲ್ಲರೂ ಬಂದ್ರು. ಮೊದಲ ದೋಸೆ ಎದ್ದು ಬಂತು, ಕೆಂಪಗೆ. ಮಗಳು ತಿಂದು, "ಚೆನ್ನಾಗಿದೆ, ಆದ್ರೆ ಮೇಲೆ ಕೆಂಪುದು ಬೇಕು" ಅಂದಳು. ನಾನು ಬಾಯಿ ತೆಗೆಯೋ ಮೊದಲೇ ಅಮ್ಮ ಈರುಳ್ಳಿ ಹೆಚ್ಚೋಕೆ ಕೂತಿದ್ರು.

ಉತ್ತರ ಬೇಕೇ ಬೇಕು ಅನ್ನೋರಿಗೆ ಹೇಳಿಬಿಡ್ತೀನಿ: ನನಗೆ ಈಗಲೂ ದಾವಣಗೆರೆಯದ್ದೇ. ಮಗಳಿಗೆ ಪುಣೆಯದ್ದು. ಹಂಚು ಒಂದೇ. ಸಿಗೋಣ, ಮುಂದಿನ ವಾರ.